ಮಾರಯ್ಯನ ಕಿರೀಟ, ತಾತನ ಟವಲು

ಇವತ್ತು ಮಗಳ ಶಾಲೆಯ ನಾಟಕಕ್ಕೆ ಬಣ್ಣ ಹಚ್ಚುತ್ತಿದ್ದರು. ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಆ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಮಾಗಡಿ ಕಡೆಯ ನಮ್ಮೂರ ಚಪ್ಪರದಡಿ ಕೂತಿದ್ದೆ.

ಊರ ನಾಟಕಕ್ಕೆ ಚಪ್ಪರ ಹಾಕುತ್ತಿದ್ದವರು ಕೇರಿಯ ದಲಿತರು, ಕಿರೀಟ ತೊಡುತ್ತಿದ್ದವರು ನಮ್ಮವರು. ನಮ್ಮ ಹೊಲಕ್ಕೆ ಬರುತ್ತಿದ್ದ ಮಾರಯ್ಯ ತಾತನ ಜಗಲಿಯ ಮುಂದೆ ಹಾಯುವಾಗ ಹೆಗಲ ಟವಲನ್ನು ಕಂಕುಳಿಗೆ ಇಳಿಸಿಕೊಳ್ಳುತ್ತಿದ್ದ. ಇಳಿಸಲೇಬೇಕಿತ್ತು.

ಆ ವರ್ಷ ಕೇರಿಯವರೇ ನಾಟಕ ಕಲಿತು, ಅದೇ ರಂಗದ ಮೇಲೆ ಆಡುತ್ತೇವೆಂದರು.

"ಅದೆಂಗಾಡ್ತಾರೋ ನಾನೂ ನೋಡ್ತೀನಿ" ಎಂದು ತಾತ ಸಂಜೆಗೇ ಹೋಗಿ ಮುಂದಿನ ಕುರ್ಚಿಯಲ್ಲಿ ಕೂತರು. ಗಲಾಟೆ ಆದೀತೆಂದು ಅಮ್ಮ ನನ್ನ ಕೈ ಬಿಡಲೇ ಇಲ್ಲ.

ಪರದೆ ಸರಿಯಿತು. ಮಾರಯ್ಯ ರಾಜನಾಗಿ ನಿಂತಿದ್ದ. ಹಾರ್ಮೋನಿಯಂ ಜೊತೆ ಅವನ ದನಿ ಎದ್ದು, ಚಪ್ಪರ ದಾಟಿ, ಕೆರೆ ಏರಿಯವರೆಗೂ ಹೋಯಿತು. ದಿನಾ ದನ ಕರೆಯುವ ಗಂಟಲು ಇದೇನಾ? ನಾನು ಬಾಯಿ ಮುಚ್ಚುವುದನ್ನೇ ಮರೆತೆ. ಹಾಡು ನಿಂತಿತು. ತಾತ ಎದ್ದರು. ಅಮ್ಮನ ಹಿಡಿತ ಬಿಗಿಯಾಯಿತು.

"ಒನ್ಸ್ ಮೋರ್!" ಎಂದು ಕೂಗಿದರು ತಾತ. ಅವರ ಟವಲು ಯಾವಾಗಲೋ ಹೆಗಲಿಂದ ಕಂಕುಳಿಗೆ ಇಳಿದಿತ್ತು.

ಮರುದಿನ ಮಾರಯ್ಯ ಜಗಲಿಯ ಮುಂದೆ ಬಂದ. ಕೆನ್ನೆಯಲ್ಲಿ ಇನ್ನೂ ಒಸಿ ಬಣ್ಣವಿತ್ತು, ಹೆಗಲ ಮೇಲೆ ಟವಲೂ ಇತ್ತು. ಯಾವತ್ತೂ "ಲೇ ಮಾರ" ಎನ್ನುತ್ತಿದ್ದ ತಾತ, "ಏನ್ ಹಾಡ್ಬುಟ್ಟೆ ಮಾರಯ್ಯ!" ಎಂದರು. ಅವನು ನಕ್ಕು ಮುಂದೆ ಹೋದ. ಟವಲು ಮುಟ್ಟಲಿಲ್ಲ.

"ಅಮ್ಮಾ, ಯಾಕೆ ಎದ್ದು ನಿಂತ್ಕೊಂಡೆ?" ಎಂದಳು ಕಿರೀಟ ಇಟ್ಟುಕೊಂಡ ಮಗಳು. ನಿಂತಿದ್ದು ನನಗೇ ಗೊತ್ತಾಗಿರಲಿಲ್ಲ.