ನಾಲ್ಕನೆಯ ತೆಂಗಿನಕಾಯಿ

ಬೆಳಿಗ್ಗೆ ಗೇಟು ತೆಗೆದು ಒಳಗೆ ಬರುವಾಗ ನಮ್ಮ ಶಾಲೆಯ ಅಟೆಂಡರಮ್ಮನ ಹುಬ್ಬುಗಳು ಬೆಳ್ಳಗಿರುತ್ತಿದ್ದವು. ವಯಸ್ಸಿನಿಂದಲ್ಲ, ಆಗಿನ್ನೂ ಅವರಿಗೆ ನಲವತ್ತು ದಾಟಿರಲಿಲ್ಲ. ತೆಲುಗು ನಾಡಿನ ಗಡಿಯ ಊರಾದ ಆದೋನಿಯಲ್ಲಿ ಅವರ ಮನೆ ಇದ್ದದ್ದು ಹತ್ತಿ ಮಿಲ್ಲಿನ ಹಿಂದಿನ ಸಂದಿಯಲ್ಲಿ. ಹತ್ತಿಯ ಕಾಲದಲ್ಲಿ ಅಲ್ಲಿ ಗಾಳಿಯ ತುಂಬ ಎಳೆಗಳು ಹಾರಾಡುತ್ತಿದ್ದವು. ಅವರು ಬಂದವರೇ ಬೇವಿನ ಮರಕ್ಕೆ ತೂಗುಹಾಕಿದ್ದ ರೈಲುಕಂಬಿಯ ತುಂಡನ್ನು ಸಲಾಕೆಯಿಂದ ಬಾರಿಸುವರು, ಆಮೇಲೆ ಸೆರಗಿನಿಂದ ಹುಬ್ಬು ಒರೆಸಿಕೊಳ್ಳುವರು. ಮೊದಲು ಗಂಟೆ, ಆಮೇಲೆ ಮುಖ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಆ ಹೆಣ್ಣುಮಕ್ಕಳ ಶಾಲೆಗೆ ಕನ್ನಡ ಟೀಚರಾಗಿ ಸೇರಿದೆ. ಕೆಲಸ ಖಾಯಂ ಆಗಿರಲಿಲ್ಲ. ನಮ್ಮದು ಪೂಜೆ ಮಾಡಿಸುವ ವೈಷ್ಣವ ಮನೆತನ. ದೊಡ್ಡವರು ಅಂದದ್ದಕ್ಕೆಲ್ಲ ತಲೆಯಾಡಿಸುವುದು ನಮ್ಮ ಮನೆಯಲ್ಲಿ ಯಾರೂ ಕಲಿಸದೆಯೇ ಬರುತ್ತಿತ್ತು. ಅಂಥ ನನಗೆ ಅಟೆಂಡರಮ್ಮನನ್ನು ಕಂಡರೆ ಒಳಗೊಳಗೇ ಅಂಜಿಕೆ. ಅವರಿಗೆ ಮನುಷ್ಯರನ್ನು ಕಾಲಿನಿಂದ ಮೇಲಕ್ಕೆ ನೋಡುವ ಅಭ್ಯಾಸ. ಎಷ್ಟೋ ಸಲ ಆ ನೋಟ ಮೊಣಕಾಲಿನವರೆಗೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಮುಖದವರೆಗೆ ಹೋಗುವ ಯೋಗ್ಯತೆ ಆ ಮನುಷ್ಯನಿಗಿಲ್ಲ ಎಂದು ಅದರ ಅರ್ಥ. ನಮ್ಮ ಹೆಡ್‌ಮಾಸ್ತರರ ಮುಖವನ್ನು ಅವರು ನೋಡಿದ್ದು ನಾನಂತೂ ಕಾಣೆ.

ಮಕ್ಕಳ ವಿಷಯದಲ್ಲಿ ಮಾತ್ರ ಹಾಗಲ್ಲ. ಒಮ್ಮೆ ಎಂಟನೆಯ ಕ್ಲಾಸಿನ ಹುಡುಗಿಯೊಬ್ಬಳು ಗೋಡೆಯ ದೊಡ್ಡ ನಕಾಶೆಯನ್ನು ಹರಿದುಬಿಟ್ಟಳು. ಗಾಳಿಗೆ ಹರಿಯಿತು, ಇಲಿ ಕಡಿಯಿತು ಎಂದು ದಿನವಿಡೀ ಕಥೆ ಕಟ್ಟಿದಳು. ಸಂಜೆ ಅಟೆಂಡರಮ್ಮ ಅವಳನ್ನು ಬೇವಿನ ಕಟ್ಟೆಯ ಮೇಲೆ ಕೂರಿಸಿಕೊಂಡು, "ಆದದ್ದು ಆದಂಗ ಹೇಳವ್ವಾ. ಮುಂದಿಂದು ನಾ ನೋಡ್ಕೊಂತೀನಿ" ಎಂದರು. ಹುಡುಗಿ ಅತ್ತು ಹೇಳಿದಳು. ಮರುದಿನ ಅಟೆಂಡರಮ್ಮ ಗಂಜಿ ಕಾಸಿಕೊಂಡು ಬಂದು ನಕಾಶೆಯನ್ನು ತಾವೇ ಬಟ್ಟೆಗೆ ಅಂಟಿಸಿದರು. ಹೆಡ್‌ಮಾಸ್ತರರ ಬೆತ್ತಕ್ಕೆ ಕೆಲಸ ಸಿಗಲಿಲ್ಲ.

ಅವರ ಗಂಡ ಕೌತಾಳಂ ಕಡೆಯ ಒಂದು ಹಳ್ಳಿಯಲ್ಲಿ ಕನ್ನಡ ಶಾಲೆಯ ಮಾಸ್ತರರಾಗಿದ್ದರು. ಆ ಹಳ್ಳಿಯಲ್ಲಿ ಎರಡು ಪಾರ್ಟಿ, ಮೇಲಿನೋಣಿ ಧಣಿಯದೊಂದು, ಕೆಳಗಿನೋಣಿ ಧಣಿಯದೊಂದು. ಪಾರ್ಟಿ ಎಂದರೆ ಸಿದ್ಧಾಂತ ಗಿದ್ಧಾಂತ ಎಂದುಕೊಳ್ಳಬೇಡಿ. ಯಾರ ಜೀಪು ಮುಂದೆ ಹೋಗಬೇಕು ಎಂಬುದೇ ಸಿದ್ಧಾಂತ. ಚುನಾವಣೆಯ ದಿನ ಮಾಸ್ತರರಿಗೆ ಅದೇ ಶಾಲೆಯಲ್ಲಿ ಮತಗಟ್ಟೆಯ ಡ್ಯೂಟಿ. ಮೇಲಿನೋಣಿಯವರು ಬಂದು ಮತಚೀಟಿಯ ಕಟ್ಟು ಕೊಡು ಎಂದರು. ಇವರು ಬಾಗಿಲಿಗೆ ಅಗುಳಿ ಹಾಕಿದರು. ಬಾಗಿಲು ಒಡೆದು ಬಂದವನು ಕೊಡಲಿಯಿಂದ ಹೊಡೆದ. ಮಾಸ್ತರರು ಶಾಲೆಯ ಮೆಟ್ಟಿಲ ಮೇಲೆಯೇ ಸತ್ತರು. ಕೊಂದವನಿಗೆ ಜೀವಾವಧಿ ಶಿಕ್ಷೆಯಾಯಿತು. ಹೆಂಡತಿಗೆ ಅನುಕಂಪದ ಮೇಲೆ ನಮ್ಮ ಶಾಲೆಯಲ್ಲಿ ಗಂಟೆ ಬಾರಿಸುವ ಕೆಲಸ ಸಿಕ್ಕಿತು.

ಕೆಲವು ವರ್ಷಗಳಾದ ಮೇಲೆ ಸರ್ಕಾರ ಬದಲಾಯಿತು. ಇಬ್ಬರು ಧಣಿಗಳಿಗೂ ಏಕಾಏಕಿ ಶಾಂತಿಯ ಮೇಲೆ ಪ್ರೀತಿ ಹುಟ್ಟಿತು. ಎರಡೂ ಕಡೆಯ ಹುಡುಗರು ಜೈಲಿನಲ್ಲಿದ್ದರು, ಮುಂದಿನ ಚುನಾವಣೆಗೆ ಅವರು ಹೊರಗೆ ಬೇಕಾಗಿತ್ತು. ರಾಜಕೀಯ ಜಗಳದಲ್ಲಿ ಕೊಲೆ ಮಾಡಿದವರಿಗೆ, ಎರಡೂ ಕಡೆಯವರು ರಾಜಿಯಾಗಿ ಸತ್ತವರ ಮನೆಯವರು ಒಪ್ಪಿಗೆ ಬರೆದುಕೊಟ್ಟರೆ, ಕ್ಷಮೆ ಸಿಗುತ್ತದೆ ಎಂದು ಮೇಲಿನಿಂದ ಭರವಸೆ ಬಂದಿತ್ತಂತೆ. ಹೊಲದ ಬದುವಿಗಾಗಿ ಕೊಂದವನಿಗೆ ಕ್ಷಮೆಯಿಲ್ಲ, ಧಣಿಗಾಗಿ ಕೊಂದವನಿಗೆ ಉಂಟು.

ಆದರೆ ರಾಜಿಗೂ ಒಂದು ಪದ್ಧತಿ ಇತ್ತು. ಎರಡೂ ಕಡೆ ಸತ್ತ ತಲೆಗಳು ಸಮ ಇರಬೇಕು. ಇಲ್ಲದಿದ್ದರೆ ಕಡಿಮೆ ಕೊಂದವನು ಸೋತಂತೆ. ಮೇಲಿನೋಣಿಯವರು ನಾಲ್ವರು ಸತ್ತಿದ್ದರು, ಕೆಳಗಿನೋಣಿಯವರು ಮೂವರು. ಒಂದು ಹೆಣ ಕಡಿಮೆ. ಮೀಸೆ ತಿರುವಿಕೊಂಡು ಓಡಾಡುವ ಆ ಇಬ್ಬರು ಮಹಾನುಭಾವರು ಕೂತು ಯೋಚಿಸಿ ಕಂಡುಹಿಡಿದ ಉಪಾಯ ಇದು: ಮಾಸ್ತರರನ್ನು ಕೆಳಗಿನೋಣಿ ಪಾರ್ಟಿಯ ಕಾರ್ಯಕರ್ತ ಎಂದು ಬರೆದುಬಿಡುವುದು. ತಲೆಗಳು ಸಮವಾಗುತ್ತವೆ, ಮಾಸ್ತರರ ಕೊಲೆಯೂ ರಾಜಕೀಯದ್ದಾಗಿ ಕೊಂದವನಿಗೂ ಕ್ಷಮೆ ಸಿಗುತ್ತದೆ. ಬದುಕಿದ್ದಾಗ ಇಬ್ಬರ ಮನೆಯ ಕಟ್ಟೆಯನ್ನೂ ಹತ್ತದಿದ್ದ ಮನುಷ್ಯನನ್ನು ಸತ್ತ ಮೇಲೆ ಪಾರ್ಟಿಗೆ ಸೇರಿಸಿಕೊಂಡರು.

ಆ ಒಪ್ಪಿಗೆ ಪತ್ರವನ್ನು ಬರೆದವಳು ನಾನು.

ಹೆಡ್‌ಮಾಸ್ತರರು ನನ್ನನ್ನು ಕರೆದು, "ನಿಮ್ಮ ಅಕ್ಷರ ಮುತ್ತಿನಂಗ ಅದಾವ ನೋಡ್ರಿ. ಖಾಯಂ ಮಾಡೋ ಫೈಲೂ ಈಗ ಮೇಲೆ ಹೋಗೋದೈತಿ" ಎಂದರು. ಎರಡನೆಯ ಮಾತು ಮೊದಲನೆಯದಕ್ಕಿಂತ ಚೆನ್ನಾಗಿ ಅರ್ಥವಾಯಿತು. ಕೆಳಗಿನೋಣಿ ಧಣಿಯ ಗುಮಾಸ್ತ ತೆಲುಗಿನಲ್ಲಿ ಹೇಳುತ್ತಾ ಹೋದ, ನಾನು ಬರೆಯುತ್ತಾ ಹೋದೆ. ಅಟೆಂಡರಮ್ಮನಿಗೆ ಗಂಡ ಕಲಿಸಿದ ಕನ್ನಡ ಓದಲು ಬರುತ್ತಿತ್ತು, ತೆಲುಗು ಮಾತಿಗಷ್ಟೇ. ಅದಕ್ಕಾಗಿಯೇ ಸಹಿ ಹಾಕಿಸುವ ಕೆಲಸವೂ ನನ್ನ ಪಾಲಿಗೆ ಬಂತು.

ಬೇವಿನ ಕಟ್ಟೆಯ ಹತ್ತಿರ ಕಾಗದ ಮುಂದೆ ಹಿಡಿದೆ.

"ಏನೈತ್ರಿ ಟೀಚರಮ್ಮ ಇದರಾಗ?"

"ಊರಾಗ ಶಾಂತಿ ಆಗ್ಲಿ ಅಂತ ಐತ್ರೀ."

"ಅಷ್ಟಕ್ಕ ಇಷ್ಟುದ್ದ ಬರದೀರಿ?" ಅವರು ಕಾಗದ ತೆಗೆದುಕೊಂಡರು. ಕನ್ನಡಕ್ಕೂ ತೆಲುಗಿಗೂ ಅಕ್ಷರ ಬಲು ದೂರವಿಲ್ಲವಲ್ಲ. ಗಂಡನ ಹೆಸರನ್ನು ಗುರುತು ಹಿಡಿದು ಅದರ ಮೇಲೆ ಬೆರಳಿಟ್ಟರು. "ಇದು ನಮ್ಮವರ ಹೆಸರು. ಇದರ ಮುಂದ ಏನು ಬರದೀರಿ? ಆದದ್ದು ಆದಂಗ ಹೇಳ್ರಿ."

"ಕೆಳಗಿನೋಣಿ ಪಾರ್ಟಿ ಕಾರ್ಯಕರ್ತರು ಅಂತ."

ಅವರು ಕೂಗಲಿಲ್ಲ. ಕಾಗದವನ್ನು ನೀಟಾಗಿ ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟರು. "ಅಕ್ಷರ ಚಂದ ಅದಾವ ನಿಮ್ಮವು" ಎಂದರು. ನೋಟ ನನ್ನ ಚಪ್ಪಲಿಯಿಂದ ಮೊಣಕಾಲಿಗೆ ಬಂದು ಅಲ್ಲೇ ನಿಂತಿತು. ಅವತ್ತು ನನಗಾದ ನಾಚಿಕೆಯನ್ನು ಈ ವಯಸ್ಸಿನಲ್ಲಿಯೂ ನೆನೆದರೆ ಮೈ ಬಿಸಿಯಾಗುತ್ತದೆ.

ಆದರೂ ಆ ಭಾನುವಾರ ಹಳ್ಳಿಯಲ್ಲಿ ರಾಜಿ ನಡೆಯುತ್ತದೆಂದು ಕೌತಾಳಂ ಬಸ್ಸಿಗೆ ಹೊರಟಾಗ ಅವರು ನನ್ನನ್ನೇ ಕರೆದರು. "ಬರ್ರಿ, ನಿಮ್ಮ ಶಾಂತಿ ಹೆಂಗೈತಿ ನೋಡಿ ಬರೋಣು." ಬಸ್ಸಿನಲ್ಲಿ ಕೂತು ಹೆದರಿ ಹೆದರಿ ಕೇಳಿದೆ, "ಕ್ಷಮಾ ಮಾಡಿಬಿಟ್ರ ನಿಮಗೂ ಮನಸ್ಸು ಹಗುರ ಆಗೂದಿಲ್ಲೇನ್ರಿ?"

"ಅಂವ ಬಂದು ಕೇಳ್ಯಾನೇನು? ಹಿಂಗ ಮಾಡಿದೆ, ಇಂಥವರು ಕಳಿಸಿದ್ರು, ತಪ್ಪಾತು ಅಂತ ಅಂವ ನನ್ನ ಮುಂದ ನಿಂತು ಹೇಳಿದ್ರ ಆ ಮಾತು ಬ್ಯಾರೆ. ಹೇಳಿದ್ರ ನಾನೂ ಮನಷ್ಯಾಳ ಅದೀನಿ, ವಿಚಾರ ಮಾಡತೀನಿ. ಕೊಂದಾಂವ ಸುಮ್ಮನದಾನ, ಕೊಲ್ಲಿಸಿದವರು ಕ್ಷಮಾ ಕೇಳಾಕ ಕಾಗದ ಕಳಸ್ಯಾರ. ಅದೂ ನನ್ನ ಗಂಡನ ಮ್ಯಾಲೆ ಸುಳ್ಳು ಬರದು."

ಆಂಜನೇಯನ ಗುಡಿಯ ಮುಂದೆ ಶಾಮಿಯಾನ ಹಾಕಿದ್ದರು. ಜಮಖಾನದ ಮೇಲೆ ಎರಡು ಸಾಲು ತೆಂಗಿನಕಾಯಿ, ಸತ್ತವರ ತಲೆಗೊಂದರಂತೆ ಅತ್ತ ನಾಲ್ಕು, ಇತ್ತ ನಾಲ್ಕು. ಸತ್ತವರ ಮನೆಯವರು ತಮ್ಮ ಕಾಯಿಯನ್ನು ಎದುರು ಪಾರ್ಟಿಯವರ ಕೈಗಿಟ್ಟರೆ ರಾಜಿ ಆದಂತೆ. ಇಬ್ಬರು ಧಣಿಗಳೂ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಪಕ್ಕಪಕ್ಕ ಕೂತು ಗೋಲಿಸೋಡಾ ಕುಡಿಯುತ್ತಿದ್ದರು. ಅವರಿಬ್ಬರ ಮನೆಯಲ್ಲಿ ಒಂದು ಕೋಳಿಯೂ ಸತ್ತಿರಲಿಲ್ಲ.

ಅಟೆಂಡರಮ್ಮ ಚಪ್ಪಲಿ ಬಿಟ್ಟು ಜಮಖಾನದ ಮೇಲೆ ನಡೆದರು. ಸಹಿ ಸಿಗದಿದ್ದರೂ ಮನಸ್ಸು ಬದಲಾಗಿ ಬಂದಳೆಂದುಕೊಂಡು ಕೆಳಗಿನೋಣಿ ಧಣಿ ಮೀಸೆಯಲ್ಲೇ ನಕ್ಕ. ಇವರು ಬಗ್ಗಿ ಅವನ ಕಡೆಯ ಸಾಲಿನ ನಾಲ್ಕನೆಯ ತೆಂಗಿನಕಾಯಿಯನ್ನು ಎತ್ತಿ ಸೆರಗಿನಲ್ಲಿ ಹಾಕಿಕೊಂಡರು.

"ಇದು ನಿಮ್ಮ ಸಾಲಿಂದಲ್ಲ. ನಿಮ್ಮವರು ಮೂರೇ ಮಂದಿ."

"ಊರುಕೋ ಅಮ್ಮಾ, ಊರುಕೋ" ಎಂದು ಧಣಿ ಸುಮ್ಮನಿರಲು ಹೇಳಿದ. "ನಿನ್ನ ಗಂಡಗ ಮರ್ಯಾದಿ ಕೊಡಾಕ ಹತ್ತೀವಿ ನಾವು."

"ನಿಮ್ಮ ಮರ್ಯಾದಿ ನಿಮ್ಮ ಹೆಣಗಳಿಗೆ ಇಟ್ಕೊಳ್ರಿ. ನನ್ನ ಗಂಡ ಸರ್ಕಾರದ ಡ್ಯೂಟಿ ಮ್ಯಾಲೆ ಬಾಗಲ ಹಾಕ್ಕೊಂಡು ಕುಂತಿದ್ದ. ನೀನು ಮಂದಿ ಕಳಿಸಿದ್ರೂ ಬಾಗಲ ತೆಗೀತಿರಲಿಲ್ಲ."

ಅವರು ಕಾಯಿಯನ್ನು ಒಳಗೆ ಒಯ್ದು ದೇವರ ಮುಂದೆ ಒಡೆದರು. ನಾವು ಅದೇ ಬಸ್ಸಿನಲ್ಲಿ ತಿರುಗಿ ಬಂದೆವು. ನಾವು ಹೊರಟ ಮೇಲೆ ಧಣಿಗಳು ಮಾಡಿದ್ದೇನು? ಗುಡಿಯ ಅಂಗಡಿಯಿಂದ ಇನ್ನೊಂದು ತೆಂಗಿನಕಾಯಿ ತರಿಸಿದರು, ಅಷ್ಟೇ. ಮಾಸ್ತರರ ದೂರದ ದಾಯಾದಿ ಒಬ್ಬನನ್ನು ಹಿಡಿದುತಂದು ಕಾಯಿ ಕೊಡಿಸಿದರು. ನಾನು ಬರೆದ ಕಾಗದಕ್ಕೆ ಅವನೇ ಸಹಿ ಹಾಕಿದ. ಕೊಂದವನು ಬಿಡುಗಡೆಯಾಗಿ ಚೆಂಡುಹೂವಿನ ಹಾರ ಹಾಕಿಕೊಂಡು ಧಣಿಯ ಜೀಪಿನಲ್ಲಿ ಊರು ಸುತ್ತಿದ. ನನ್ನ ಕೆಲಸವೂ ಖಾಯಂ ಆಯಿತು. ಅವನು ಜೀಪಿನಲ್ಲಿ, ನಾನು ಸ್ಟಾಫ್ ರೂಮಿನಲ್ಲಿ. ನಮ್ಮಿಬ್ಬರಿಗೂ ಬಹುಮಾನ ಕೊಟ್ಟ ಕೈ ಒಂದೇ.

ಆಮೇಲೆ ಅಟೆಂಡರಮ್ಮ ನನ್ನ ಜೊತೆ ಎಂದಿನಂತೆಯೇ ಇದ್ದರು. ಅವರೆಕಾಳು ಬೇಯಿಸಿದ ದಿನ ಒಂದು ಬಟ್ಟಲು ತಂದುಕೊಡುವರು. ಆ ಕಾಗದದ ಮಾತು ಎತ್ತಲಿಲ್ಲ. ನಾನು ಎತ್ತಲಿ ಎಂದು ಕಾದರೋ ಏನೋ. ನಾನು ಎತ್ತಲಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಅವರು ಕಾಮಾಲೆಯಾಗಿ ತೀರಿಕೊಂಡರು. ಅದು ಮತ್ತೊಂದು ಚುನಾವಣೆಯ ಹೊತ್ತು. ಮಿಲ್ಲಿನ ಹಿಂದಿನ ಆ ಸಂದಿಗೆ ನಾನೂ ನಮ್ಮ ಹತ್ತನೆಯ ಕ್ಲಾಸಿನ ಹುಡುಗಿಯರೂ ಹೋಗಿದ್ದೆವು. ಅಷ್ಟರಲ್ಲಿ ಕೆಳಗಿನೋಣಿ ಧಣಿಯ ಜನ ಫೋಟೋದವನನ್ನು ಕರೆದುಕೊಂಡು ಬಂದರು. ಹುತಾತ್ಮ ಕಾರ್ಯಕರ್ತನ ಹೆಂಡತಿ ಎಂದು ಹೇಳುತ್ತಾ ತಮ್ಮ ಪಾರ್ಟಿಯ ಬಾವುಟವನ್ನು ಅವರ ಮೈಮೇಲೆ ಹೊದಿಸಿದರು. ರಿಟೈರಾಗಿದ್ದ ಹೆಡ್‌ಮಾಸ್ತರರು ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಟ್ಟರು.

"ತೆಗೀರಿ ಅದನ್ನ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಅವತ್ತು ಕಾಗದ ಬರೆಸಿದ ಅದೇ ಗುಮಾಸ್ತ ತಿರುಗಿ ನೋಡಿದ. "ಅವರ ಯಜಮಾನರು ನಮ್ಮವರ್ರೀ ಟೀಚರಮ್ಮ. ಸರ್ಕಾರದ ಕಾಗದದಾಗ ಐತಿ. ನಿಮಗೇನು ಗೊತ್ತು?"

"ನನಗ ಗೊತ್ತಿಲ್ದ ಯಾರಿಗೆ ಗೊತ್ತಿರತೈತಿ? ಆ ಕಾಗದ ಬರದಾಕಿ ನಾನು. ನೀನು ಹೇಳಿದಿ, ನಾ ಬರದೆ. ನೌಕರಿ ಆಸೆಗೆ ಬರದೆ. ಅವರು ಯಾವ ಪಾರ್ಟಿಯವರೂ ಅಲ್ಲ. ನಾ ಬರದದ್ದು ಸುಳ್ಳು."

ಫೋಟೋದವನು ಕ್ಯಾಮೆರಾ ಇಳಿಸಿದ. ಗುಮಾಸ್ತ ಏನೋ ಗೊಣಗಿಕೊಂಡು ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. ನನ್ನ ವಿದ್ಯಾರ್ಥಿನಿಯರು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಅವತ್ತಿನಿಂದ ನಾನು ಸುಳ್ಳು ಬರೆದ ಟೀಚರು. ಹಾಗೆಯೇ ಮನೆಗೆ ನಡೆದುಕೊಂಡು ಬಂದೆ. ಅಷ್ಟು ಹಗುರಾಗಿ ಆದೋನಿಯ ಬೀದಿಯಲ್ಲಿ ನಾನು ಅದಕ್ಕೆ ಮುಂಚೆ ಎಂದೂ ನಡೆದಿರಲಿಲ್ಲ.