ಹಾಸಿಗೆಯಲ್ಲೇ ಕಾಲುಚೀಲ ತೊಡಿಸುವ ಶೇವಂತಾ

ಕಮಲಾಪುರಕ್ಕೆ ಈಗಷ್ಟೇ ಬೆಳಕು ಹರಿಯುತ್ತಿದೆ. ಬಂಡಮ್ಮನ ಮನೆಯ ಬಾಗಿಲು ತಳ್ಳಿ ಒಳಬರುವ ಶೇವಂತಾ ಆಡುವ ಮೊದಲ ಮಾತು, "ಏಳಬ್ಯಾಡ್ರಿ ಅಕ್ಕಾ, ಹಂಗ ಮಲಕೋರಿ." ಹಾಸಿಗೆಯಲ್ಲೇ ಪಾದದವರೆಗೆ ಬಗ್ಗಲು ಬಂಡಮ್ಮನಿಗೆ ಸೊಂಟ ಒಪ್ಪದು. ಶೇವಂತಾ ಆಕೆಯ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ತೊಡಿಸುತ್ತಾರೆ. ಅದರ ಮೇಲೆ ಬಿಗಿ ಕಾಲುಚೀಲ ಕಾಲುಂಗುರಕ್ಕೂ ಸಿಕ್ಕದೆ ಮೊಣಕಾಲಿನ ಕೆಳಗಿನವರೆಗೆ ಏರುತ್ತದೆ. ಬೆರಳುಗಳ ಬಳಿ ಅದರ ಬಾಯಿ ತೆರೆದಿದೆ. ಪ್ಲಾಸ್ಟಿಕ್ಕನ್ನು ಅಲ್ಲಿಂದ ಎಳೆದು ತೆಗೆದರಾಯಿತು.

ಊರಾಚೆಯ ಓಣಿಯ ಶೇವಂತಾ ಕಲಬುರಗಿಯ ದವಾಖಾನೆಯೊಂದರಲ್ಲಿ ಆಯಾ. ದಿನಾ ಬಸ್ಸಿನಲ್ಲಿ ಹೋಗಿ, ವಾರ್ಡಿನಲ್ಲಿ ನಿಂತೇ ದುಡಿದು, ಸಂಜೆ ಮರಳುತ್ತಾರೆ. ಬಸ್ಸಿಗೆ ಮುಂಚಿನ ಈ ಕೆಲಸ ಯಾರೂ ಹೇಳಿದ್ದಲ್ಲ.

ಬಂಡಮ್ಮ ಶಾಲೆಯ ಬಿಸಿಯೂಟದ ಅಡುಗೆಯವರು. ಒಲೆ ಮುಂದೆ ನಿಂತು ನಿಂತು ಕಾಲಿನ ನರ ಉಬ್ಬಿ, ರಕ್ತ ಮೇಲೇರಲಾರದೆ ಕೆಳಗೇ ನಿಂತು, ಪಾದದ ಮೇಲಿನ ಹರಡಿನ ಬಳಿ ಹುಣ್ಣಾಗಿತ್ತು. ಶೇವಂತಾ ದುಡಿಯುವ ದವಾಖಾನೆಯ ವೈದ್ಯರು ಪರೀಕ್ಷಿಸಿ, ಅಳತೆ ತೆಗೆದು ಕಾಲುಚೀಲ ಕೊಟ್ಟರು. ಹರಡಿನಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲವಾಗಿರುವ ಅದು ಕಾಲನ್ನು ಒತ್ತಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಹುಣ್ಣು ಮಾಯದಿದ್ದರೆ ಅಡುಗೆ ಕೆಲಸ ಬಿಡಬೇಕಾದೀತು ಎಂದೂ ಹೇಳಿದರು. ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ.

ಆದರೂ ಹುಣ್ಣು ಮಾಯಲೊಲ್ಲದು! ಯಾಕೆಂದು ಶೇವಂತಾ ಒಂದು ಬೆಳಗ್ಗೆ ಬಂದು ನೋಡಿದರು. ಬಂಡಮ್ಮ ಎದ್ದವರೇ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ, ಜಳಕ ಮಾಡಿ, ಆಮೇಲೆ ಕಾಲುಚೀಲಕ್ಕೆ ಕೈಹಾಕುತ್ತಿದ್ದರು. ಅಷ್ಟರಲ್ಲಿ ರಕ್ತ ಇಳಿದು ಕಾಲು ಬಾತಿರುತ್ತಿತ್ತು. ಏರದ ಚೀಲವನ್ನು ಅರ್ಧಕ್ಕೆ ಮಡಚಿಬಿಡುವರು. ಮಡಚಿದ ಪಟ್ಟಿ ಹಗ್ಗದಂತೆ ಬಿಗಿದು ರಕ್ತವನ್ನೇ ತಡೆಯುವುದು.

ಏಳುವ ಮೊದಲೇ ತೊಡಿರಿ ಎಂದರೆ, ಅಂಗಳಕ್ಕೆ ನೀರು ಬೀಳದೆ ಬೇರೆ ಕೆಲಸವೇ ಇಲ್ಲ ಎಂದು ಬಂಡಮ್ಮ ಹಠ ಹಿಡಿದರು. ಶೇವಂತಾ ವಾದಿಸಲಿಲ್ಲ. "ನಮ್ಮ ಓಣಿಯಾಕಿ ನೀರು ಹೊಡದ್ರ ನಡೀತದೇನ್ರಿ?" ಎಂದಷ್ಟೇ ಕೇಳಿದರು. ಬಂಡಮ್ಮ ರಂಗೋಲಿ ಡಬ್ಬಿ ಇರುವ ಗೋಡೆಯ ಮಾಡು ತೋರಿಸಿದರು. ಜಳಕ ಸಂಜೆಗೆ ಹೋಯಿತು.

ಹುಣ್ಣು ಮಾಯ್ದಿದೆ. ಬಂಡಮ್ಮ ಮತ್ತೆ ಶಾಲೆಯ ಒಲೆ ಮುಂದಿದ್ದಾರೆ. "ಇಕಿ ಋಣ ನನ್ನ ಮ್ಯಾಲ ಅದರೀ, ತೀರೂದಲ್ಲ" ಎನ್ನುತ್ತಾರೆ.

ಶೇವಂತಾಗೆ ಬಸ್ಸಿನ ಅವಸರ. ಅಂಗಳ ದಾಟುವಾಗ ಮೆಲ್ಲಗೆ ಹೇಳುತ್ತಾರೆ: "ನಮ್ಮವ್ವ ಈ ಮನಿ ಮುಂದ ಚಪ್ಲಿ ಕೈಯಾಗ ಹಿಡಕೊಂಡು ಹೋಗ್ತಿದ್ಳರೀ. ಇವತ್ತಿನ ರಂಗೋಲಿ ನಂದು."