ಅಲ್ಲಾಭಕ್ಷ ಚಾಚಾನ ನಾಕ ವರ್ಷದ ಪದ

ಸವಣೂರಾಗ ಅಲ್ಲಾಭಕ್ಷ ಚಾಚಾನ ಕಡೆ ಅಂಗಿ ಹೊಲಿಯಾಕ ಕೊಟ್ರ ಹಬ್ಬ ಮುಗದ ಮ್ಯಾಲನ ಸಿಗತೈತಿ. ಕಾಲರ್ ಕೂದಲೆಳಿಯಷ್ಟ ಸೊಟ್ಟಾದ್ರೂ ಬಿಚ್ಚಿ ಮತ್ತ ಹೊಲಿಯೂದು. ಹೋಗ್ಲಿ, ಅಂಗಿ ಒಂದಿಲ್ಲೊಂದಿನಾ ಸಿಗತಿತ್ತು. ಚಾಚಾನ ಪದ ಮಾತ್ರ ಸಿಗತಿದ್ದಿಲ್ಲ! ಮೊಹರಮ್ಮಿಗಂತ ಕರ್ಬಲಾದ ಕತಿ ಹೇಳೂ ಒಂದ ರಿವಾಯತ ಪದ ಕಟ್ಟಾಕ ಹತ್ತಿ ನಾಕ ವರ್ಷ ಆಗಿತ್ತು. ಐದ ನುಡಿ ಬರೀತಿದ್ರು, ಹೊಡದ ಹಾಕ್ತಿದ್ರು, ಮತ್ತ ಬರೀತಿದ್ರು. ಹಾಡಾಕ ಕುಂತ್ರ ಒಂದ ಅಕ್ಷರ ಜಾರಿದ್ರೂ "ತಡ್ರಿ, ಮೊದಲಿಂದ" ಅಂತಿದ್ರು.

"ಮೊದಲನೇ ನುಡಿ ನಮ್ಮ ಕೋಳಿಗೂ ಬಾಯಿಪಾಠ ಆಗೇತಿ. ಎರಡನೇದು ಯಾವಾಗ ಕೇಳೂದು?" ಅಂತ ಹೆಂಡ್ತಿ ಮರಿಯಮಬಿ ಕಾಡಸ್ತಿದ್ಲು.

ಈ ವರ್ಷ ಏನಾತಂದ್ರ, ಮೂವತ್ತ ವರ್ಷ ನಮ್ಮ ಓಣಿ ಹೆಜ್ಜಿಮೇಳಕ್ಕ ಹಾಡಿದ ಉಸ್ತಾದ ಕರೀಮಸಾಬರ ದನಿ ಕುಂತ ಬಿಡ್ತು. ಊರೂರ ಮೇಳ ಸರದಿ ಮ್ಯಾಲ ಹಾಡೂ ಹುಲಗೂರ ಮೊಹರಮ್ಮಿಗೆ ಹೋಗಾಕ ಎರಡ ದಿನ ಉಳದಿತ್ತು.

"ಅಲ್ಲಾಭಕ್ಷ, ನಿನ್ನ ಪದ ನೀನ ಹಾಡು. ಇಲ್ಲಂದ್ರ ಈ ಸಲ ಮೇಳ ಹೋಗೂದಿಲ್ಲ," ಅಂತ ಉಸ್ತಾದರು ಪಿಸುಗುಟ್ಟಿದ್ರು.

"ಅದಿನ್ನೂ ಮುಗದಿಲ್ರಿ ಉಸ್ತಾದ."

"ನೀ ಸತ್ತ ಮ್ಯಾಲ ಮುಗಿತೈತೇನು?"

ಹುಲಗೂರಾಗ ಸಂಜಿಮುಂದ ಮಂದಿ ಕಿಕ್ಕಿರದಿತ್ತು. ಹೆಜ್ಜಿಮೇಳ ಅಂದ್ರ ಹಿಂಗ: ಚಾಚಾ ಒಂದ ಸಾಲ ಹಾಡಿದ್ರ, ಗೆಜ್ಜಿ ಕಟ್ಟಿದ ಇಪ್ಪತ್ತ ಮಂದಿ ಅದನ್ನ ಎತ್ತಿ ಹಾಡ್ಕೋತ ಸುತ್ತ ತಿರಗತಾರ. ನಡಕ ಹಾಡು ನಿಂತ್ರ ಮುಗೀತು, ಸರದಿ ಮುಂದಿನ ಊರಿಗೆ.

ಮೊದಲನೇ ನುಡಿ ಚಂದ ಹೋತು. ಎರಡನೇದ್ರಾಗ ಚಾಚಾ ನಡುವಿನ ಸಾಲ ಬಿಟ್ಟು ಕಡೀ ಸಾಲಿಗೆ ಹಾರಿದ್ರು. "ತಡ್ರಿ" ಅನ್ನಾಕ ಬಾಯಿ ತಗದ್ರು ನೋಡ್ರಿ, ಅಷ್ಟರಾಗ ಇಪ್ಪತ್ತೂ ಮಂದಿ ಅದ ಸಾಲ ಎತ್ಗೊಂಡು ಅರ್ಧ ಸುತ್ತ ಹೋಗಿದ್ರು! ಯಾರ ಮಾರಿ ಮ್ಯಾಲೂ ಅನುಮಾನ ಇಲ್ಲ. ತಗದ ಬಾಯಿಲೆ ಏನರ ಹಾಡಬೇಕಲ್ಲ, ಚಾಚಾ ಬಿಟ್ಟಿದ್ದ ಸಾಲ ಹಾಡಿದ್ರು. ಅದನ್ನೂ ಎತ್ತಿದ್ರು. ಐದನೇ ನುಡಿ ಮುಗಿಯೂತನಾ ಗೆಜ್ಜಿ ನಿಲ್ಲಲಿಲ್ಲ.

ಆಮ್ಯಾಲ ಚಾಚಾ ಶರಬತ್ ಗ್ಲಾಸ ಹಿಡಕೊಂಡ ಸೀದಾ ಉಸ್ತಾದರ ಕಡೆ ಹೋದ್ರು. "ಎಷ್ಟ ಕಡೆ ತಪ್ಪಿದೆರಿ ಉಸ್ತಾದ?"

ಉಸ್ತಾದರು ನಗಕೋತ ನಾಕ ಬೆರಳ ತೋರ್ಸಿದ್ರು. ಚಾಚಾನ ಮಾರಿ ಸಣ್ಣಾತು.

ಅಷ್ಟರಾಗ ಚಿಕ್ಕೇರೂರ ಮೇಳದ ರಮೀಜ ಓಡ್ಕೋತ ಬಂದ. "ಚಾಚಾ, ಆ ಎರಡನೇ ನುಡಿ ನಮ್ಮ ಮೇಳಕ್ಕ ಕಲಸ್ರೆಲಾ."

"ಅದು ಹಂಗಲ್ಲೋ, ಸಾಲ ಹಿಂದಮುಂದ ಆಗ್ಯಾವು..."

"ಏ, ನೀವು ಹೆಂಗ ಹಾಡಿದ್ರೋ ಹಂಗ ಬೇಕ್ರಿ ನಮಗ."

ಚಾಚಾ ಟೊಪಗಿ ಸರಿ ಮಾಡ್ಕೊಂಡು, ತಪ್ಪಿದ್ದನ್ನ ತಪ್ಪಿದಂಗನ ಕಲಸಾಕ ಅವನ ಹಿಂದ ಹೊಂಟ್ರು.